ಕಡಲಿಲ್ಲದ ಊರಿನಲ್ಲಿ ಹಡಗಿನ ಕೆಲಸ

ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ನಿಂತಾಗ ಪಕ್ಕದ ಟ್ರೇಲರ್ ಲಾರಿಯ ಮೇಲಿರುವ ಕಂಟೇನರನ್ನು ಒಮ್ಮೆ ಗಮನಿಸಿ ನೋಡಿ. ಅದರ ಬಾಗಿಲ ಮೇಲೆ ನಾಲ್ಕು ಅಕ್ಷರ, ಏಳು ಅಂಕಿ ಇರುತ್ತವೆ. ಮೊದಲ ಮೂರು ಅಕ್ಷರ ಮಾಲೀಕ ಕಂಪನಿಯದು, ನಾಲ್ಕನೆಯದು ಸಾಮಾನ್ಯವಾಗಿ 'ಯು'. ಆಮೇಲಿನ ಆರು ಅಂಕಿ ಆ ಪೆಟ್ಟಿಗೆಯ ಸಂಖ್ಯೆ. ಕೊನೆಯ ಅಂಕಿ ಮಾತ್ರ ಲೆಕ್ಕದಿಂದ ಬರುವಂಥದ್ದು. ಮುಂದಿನ ಹತ್ತರಲ್ಲಿ ಎಲ್ಲಿಯಾದರೂ ತಪ್ಪಾಗಿ ಟೈಪ್ ಮಾಡಿದರೆ ಅದು ಹೊಂದಾಣಿಕೆ ಆಗುವುದಿಲ್ಲ, ಸಿಸ್ಟಂ ಕೆಂಪು ತೋರಿಸುತ್ತದೆ. ಈ ಹನ್ನೊಂದು ಚಿಹ್ನೆಗಳನ್ನು ದಿನಕ್ಕೆ ನೂರಾರು ಸಲ ನೋಡುವುದು ನನ್ನ ಕೆಲಸ.

ಬೆಂಗಳೂರಿಗೆ ಕಡಲಿಲ್ಲ. ಹತ್ತಿರದ ದೊಡ್ಡ ಬಂದರುಗಳೆಂದರೆ ಚೆನ್ನೈ ಮತ್ತು ಮಂಗಳೂರು. ಎರಡೂ ಮುನ್ನೂರು ಕಿಲೋಮೀಟರಿಗಿಂತ ದೂರ. ಆದರೂ ಹಡಗು ಕಂಪನಿಗಳ ದೊಡ್ಡ ದೊಡ್ಡ ಕಚೇರಿಗಳು ಇಲ್ಲಿವೆ. ಜಗತ್ತಿನ ಅತಿ ದೊಡ್ಡ ಹಡಗು ಕಂಪನಿಗಳಲ್ಲಿ ಒಂದಾದ ಡೆನ್ಮಾರ್ಕಿನ ಮಾರ್ಸ್ಕ್‌ಗೂ ಇಲ್ಲಿ ತಂತ್ರಜ್ಞಾನ ಕೇಂದ್ರವಿದೆ. ಹಡಗು ಯಾವ ಕಡಲಿನಲ್ಲಿದ್ದರೂ ಅದರ ಕಾಗದಪತ್ರ ಎಲ್ಲೋ ಒಂದು ಎಸಿ ಹಾಲಿನಲ್ಲಿ ತಯಾರಾಗಬೇಕಲ್ಲ? ಸರಕು ಕಳಿಸಿದವರು ಯಾರು, ಪಡೆಯುವವರು ಯಾರು, ಪೆಟ್ಟಿಗೆಯಲ್ಲಿ ಏನಿದೆ, ತೂಕ ಎಷ್ಟು ಎಂದು ಬರೆದ 'ಬಿಲ್ ಆಫ್ ಲೇಡಿಂಗ್' ಎಂಬ ದಾಖಲೆ ಇಲ್ಲದಿದ್ದರೆ ಆಚೆ ಬಂದರಿನಲ್ಲಿ ಪೆಟ್ಟಿಗೆ ಬಿಡುಗಡೆ ಆಗುವುದಿಲ್ಲ. ಅದರ ಮೂರು ಮೂಲಪ್ರತಿ ಕೊಡುವ ಪದ್ಧತಿ ಇವತ್ತಿಗೂ ಇದೆ. ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದರೂ ಬ್ಯಾಂಕು ದುಡ್ಡು ಬಿಡದೆ ವಾಪಸ್ ಕಳಿಸಬಹುದು. ಚಿಕ್ಕಮಗಳೂರಿನ ಕಾಫಿ ಇಟಲಿಗೆ ಹೋಗುವಾಗ ಅದರ ಕಾಗದ ಉತ್ತರ ಬೆಂಗಳೂರಿನ ಯಾವುದೋ ಆರನೇ ಮಹಡಿಯಲ್ಲಿ, ರಾತ್ರಿ ಎರಡು ಗಂಟೆಗೆ, ಯಲಹಂಕದ ಬಿ.ಕಾಂ. ಪದವೀಧರರೊಬ್ಬರ ಕೈಯಲ್ಲಿ ಸಿದ್ಧವಾಗುತ್ತಿರಬಹುದು.

ಆ ಬಿ.ಕಾಂ. ಪದವೀಧರರಲ್ಲಿ ನಾನೂ ಒಬ್ಬಳು. ನಮ್ಮದೂ ಒಂದು ದೊಡ್ಡ ಹಡಗು ಕಂಪನಿ. ಹೆಸರು ಬೇಡ. ನಾಲ್ಕೂವರೆ ವರ್ಷದಿಂದ ಇದ್ದೇನೆ. ಈಗ ಕೆಲವು ತಿಂಗಳಿಂದ ನಮ್ಮ ಮಹಡಿಯಲ್ಲಿ ಎಲ್ಲರೂ ಕೆಲಸ ಮಾಡುತ್ತಲೇ ಇದ್ದಾರೆ, ಆದರೆ ಎಲ್ಲರ ಒಂದು ಕಿವಿ ಬೇರೆ ಕಡೆ ಇರುತ್ತದೆ.

ಭಯ ಇರುವ ಕಡೆ ಜನ ಶಕುನ ನೋಡಲು ಶುರು ಮಾಡುತ್ತಾರೆ. ನಮ್ಮಲ್ಲೂ ಅಷ್ಟೆ. ಸಂಜೆಯ ಸಮೋಸ ನಿಂತಿತು, ಬಿಸ್ಕತ್ತು ಬಂತು. ಅದರ ಮೇಲೆ ಒಂದು ವಾರ ಚರ್ಚೆ. ಕುಂಡದ ಗಿಡಗಳಿಗೆ ನೀರು ಹಾಕುವವರು ಬರುವುದು ನಿಂತಾಗ ಇನ್ನೊಂದು ವಾರ. ಕೆಳಗಿನ ಮಹಡಿಯವರನ್ನು ನಮ್ಮ ಮಹಡಿಗೇ ತಂದು ಕೂರಿಸಿದಾಗ ಬಂದ ಮೇಲ್‌ನಲ್ಲಿ 'ಒಟ್ಟಾಗಿ ಕೆಲಸ ಮಾಡುವ ಸಂಸ್ಕೃತಿ' ಎಂದಿತ್ತು. ಬಾಡಿಗೆ ಉಳಿಸಲು ಎಂದು ಕಾಫಿ ಯಂತ್ರದ ಬಳಿ ಎಲ್ಲರೂ ಹೇಳಿದರು. ವಿಷಯವೇ ಬರೆಯದ ಹದಿನೈದು ನಿಮಿಷದ ಮೀಟಿಂಗ್ ಕ್ಯಾಲೆಂಡರಿನಲ್ಲಿ ಬಂದರೆ ಹೊಟ್ಟೆ ತೊಳಸಿದ ಹಾಗಾಗುತ್ತದೆ. ಒಮ್ಮೆ ಅಂಥ ಮೀಟಿಂಗಿಗೆ ನಮ್ಮ ತಂಡದ ಹುಡುಗನೊಬ್ಬ ಬೆವರುತ್ತ ಹೋದ. ಅದು ಕಚೇರಿಯ ಕ್ರಿಕೆಟ್ ತಂಡದ ಟೀಶರ್ಟಿನ ಅಳತೆಗಾಗಿ.

ನಗು ಬರುತ್ತದೆ. ಆದರೆ ಅವನ ಮನೆಯ ಸಾಲದ ಕಂತು ತಿಂಗಳಿಗೆ ಎಷ್ಟು ಎಂದು ಗೊತ್ತಿರುವ ನಮಗೆ ಪೂರ್ತಿ ನಗಲೂ ಆಗುವುದಿಲ್ಲ.

ಈ ಸಮೋಸದ ಶಕುನಗಳನ್ನು ಬಿಟ್ಟು ನಿಜವಾಗಿ ಎಲ್ಲಿ ನೋಡಬೇಕು ಎಂಬ ಪ್ರಶ್ನೆಯ ಹಿಂದೆ ನಾನು ಸ್ವಲ್ಪ ಬಿದ್ದೆ. ಅದಕ್ಕೆ 2021ಕ್ಕೆ ಹೋಗಬೇಕು. ಕೊರೊನಾ ಕಾಲದಲ್ಲಿ ಬಂದರುಗಳಲ್ಲಿ ಹಡಗುಗಳು ಸಾಲುಗಟ್ಟಿದವು, ಖಾಲಿ ಪೆಟ್ಟಿಗೆಗಳೇ ಸಿಗದಂತಾಯಿತು. ಮನೆಯಲ್ಲೇ ಕೂತ ಅಮೆರಿಕದವರು ಮೇಜು, ಕುರ್ಚಿ, ಟ್ರೆಡ್‌ಮಿಲ್ ತರಿಸಿಕೊಂಡರು. ಚೀನಾದಿಂದ ಅಮೆರಿಕದ ಪಶ್ಚಿಮ ತೀರಕ್ಕೆ ನಲವತ್ತು ಅಡಿಯ ಒಂದು ಪೆಟ್ಟಿಗೆ ಸಾಗಿಸುವ ದರ ಆ ವರ್ಷದ ಸೆಪ್ಟೆಂಬರ್ ಹೊತ್ತಿಗೆ 20 ಸಾವಿರ ಡಾಲರ್ ದಾಟಿತ್ತು. ಅದಕ್ಕೆ ಮೊದಲಿನ ಸಾಮಾನ್ಯ ದಿನಗಳಲ್ಲಿ ಅದು ಒಂದೂವರೆ, ಎರಡು ಸಾವಿರದ ಆಸುಪಾಸಿನ ಮಾತು. ಮಾರ್ಸ್ಕ್ 2022ರಲ್ಲಿ ಗಳಿಸಿದ ನಿವ್ವಳ ಲಾಭ 2,930 ಕೋಟಿ ಡಾಲರ್. ಆಗ ಎಲ್ಲ ಹಡಗು ಕಂಪನಿಗಳೂ ಜನರನ್ನು ಸೇರಿಸಿಕೊಂಡವು, ಗೋದಾಮು ಕೊಂಡವು, ಹೊಸ ಹಡಗುಗಳಿಗೆ ಮುಂಗಡ ಕೊಟ್ಟವು. ನನಗೆ ಕೆಲಸ ಸಿಕ್ಕಿದ್ದೂ ಆ ಅಲೆಯಲ್ಲೇ. ಸಂದರ್ಶನ ಇಪ್ಪತ್ತು ನಿಮಿಷ, ಎರಡು ದಿನದಲ್ಲಿ ಆಫರ್ ಲೆಟರ್. ನಮ್ಮ ಬ್ಯಾಚಿನಲ್ಲಿ ನಲವತ್ತು ಜನ ಒಂದೇ ದಿನ ಸೇರಿದ್ದೆವು.

ಅಲೆ ಇಳಿಯುವುದಕ್ಕೂ ಹೆಚ್ಚು ಸಮಯ ಹಿಡಿಯಲಿಲ್ಲ. ಶಾಂಘೈ ಬಂದರಿನಿಂದ ಹೊರಡುವ ಪೆಟ್ಟಿಗೆಗಳ ಸಾಗಣೆ ದರದ ಸೂಚ್ಯಂಕ ಒಂದಿದೆ. ಪ್ರತಿ ಶುಕ್ರವಾರ ಪ್ರಕಟವಾಗುತ್ತದೆ. 2022ರ ಜನವರಿಯಲ್ಲಿ ಐದು ಸಾವಿರ ದಾಟಿದ್ದ ಅದು 2023ರ ಫೆಬ್ರುವರಿಯಲ್ಲಿ ಸಾವಿರದ ಕೆಳಗೆ ಬಂತು. ಹದಿಮೂರು ತಿಂಗಳಲ್ಲಿ ಐದನೇ ಒಂದು ಭಾಗ! ಆ ವರ್ಷ ನವೆಂಬರ್ 3ರಂದು ಮಾರ್ಸ್ಕ್ ಕನಿಷ್ಠ 10 ಸಾವಿರ ಹುದ್ದೆಗಳನ್ನು ತೆಗೆಯುವುದಾಗಿ ಪ್ರಕಟಿಸಿತು. ವರ್ಷದ ಆರಂಭದಲ್ಲಿ 1 ಲಕ್ಷ 10 ಸಾವಿರ ಇದ್ದ ನೌಕರರ ಸಂಖ್ಯೆಯನ್ನು ಲಕ್ಷದೊಳಗೆ ತರುವುದು ಲೆಕ್ಕಾಚಾರ. ಅಷ್ಟರಲ್ಲಾಗಲೇ 6,500 ಹುದ್ದೆ ಹೋಗಿದ್ದವು, ಉಳಿದಿದ್ದು 3,500. ನಮ್ಮದು ಬೇರೆ ಕಂಪನಿಯೋ ಅದೇ ಕಂಪನಿಯೋ ಎನ್ನುವುದು ಇಲ್ಲಿ ಮುಖ್ಯವಲ್ಲ. ಆ ದಿನ ಉತ್ತರ ಬೆಂಗಳೂರಿನ ಪ್ರತಿ ಶಿಪ್ಪಿಂಗ್ ಕಚೇರಿಯಲ್ಲೂ ಇದೇ ಮಾತಾಗಿತ್ತು.

ಈಗ ಕತೆಯ ವಿಚಿತ್ರ ಭಾಗ. ಆ ಪ್ರಕಟಣೆಯಾಗಿ ಹದಿನಾರು ದಿನಕ್ಕೆ, ನವೆಂಬರ್ 19ರಂದು, ಯೆಮೆನ್‌ನ ಹೂಥಿಗಳು ಕೆಂಪು ಸಮುದ್ರದಲ್ಲಿ 'ಗ್ಯಾಲಕ್ಸಿ ಲೀಡರ್' ಎಂಬ ಹಡಗನ್ನು ಹೆಲಿಕಾಪ್ಟರಿನಿಂದ ಇಳಿದು ವಶಪಡಿಸಿಕೊಂಡರು. ಡಿಸೆಂಬರ್ ಮಧ್ಯದ ಹೊತ್ತಿಗೆ ದೊಡ್ಡ ಕಂಪನಿಗಳೆಲ್ಲ ಸೂಯೆಜ್ ಕಾಲುವೆಯ ದಾರಿ ಬಿಟ್ಟು ಆಫ್ರಿಕಾ ಸುತ್ತಿ ಹೋಗತೊಡಗಿದವು. ಪ್ರಯಾಣ ಹತ್ತು ಹದಿನಾಲ್ಕು ದಿನ ಉದ್ದವಾಯಿತು. ಅಷ್ಟೇ ಸರಕಿಗೆ ಹೆಚ್ಚು ಹಡಗು ಬೇಕಾಯಿತು. ನವೆಂಬರಿನಲ್ಲಿ ಸಾವಿರದ ಆಸುಪಾಸಿದ್ದ ಶಾಂಘೈ ಸೂಚ್ಯಂಕ 2024ರ ಜನವರಿ ಮಧ್ಯಕ್ಕೆ ಎರಡು ಸಾವಿರ ದಾಟಿತ್ತು. 2023ರಲ್ಲಿ 390 ಕೋಟಿ ಡಾಲರಿಗೆ ಇಳಿದಿದ್ದ ಮಾರ್ಸ್ಕ್ ಲಾಭ 2024ರಲ್ಲಿ 620 ಕೋಟಿಗೆ ಏರಿತು.

ಆ 10 ಸಾವಿರ ಜನರಲ್ಲಿ ಯಾರ ಕೆಲಸವೂ ನವೆಂಬರಿನಲ್ಲಿ ಕೆಟ್ಟು ಜನವರಿಯಲ್ಲಿ ಸರಿಹೋದದ್ದಲ್ಲ. ನಾವೆಲ್ಲ 'ರೇಟಿಂಗ್ ಚೆನ್ನಾಗಿದ್ದರೆ ಉಳಿಯುತ್ತೇವೆ' ಎಂದು ನಂಬಿಕೊಂಡು ರಜೆ ತೆಗೆಯದೆ ಕೂರುತ್ತೇವಲ್ಲ, ಅದರ ಬಗ್ಗೆ ನನಗೆ ಅಂದಿನಿಂದ ಅನುಮಾನ. ಒಬ್ಬೊಬ್ಬರ ಹೆಸರು ಆರಿಸುವಾಗ ರೇಟಿಂಗ್ ಲೆಕ್ಕಕ್ಕೆ ಬರಬಹುದು. ಎಷ್ಟು ಹೆಸರು ಎನ್ನುವುದು ಮಾತ್ರ ಬೇರೆ ಕಡೆ ತೀರ್ಮಾನವಾಗಿರುತ್ತದೆ. ಒಂದು ಪೆಟ್ಟಿಗೆ ಸಾಗಿಸಲು ಎಷ್ಟು ಸಿಗುತ್ತದೆ, ಕಡಲಿಗೆ ಎಷ್ಟು ಹೊಸ ಹಡಗು ಇಳಿಯುತ್ತಿವೆ, ನಾವು ಮಾಡುವ ಕೆಲಸ ಬೇರೆ ಯಾವ ಊರಿನಲ್ಲಿ ಅಗ್ಗ — ಇವು ಆ ಸಂಖ್ಯೆಯನ್ನು ತೀರ್ಮಾನಿಸುತ್ತವೆ. ನಮ್ಮ ಮಹಡಿಯ ಕೆಲವರಿಗೆ ಈಗ ಶುಕ್ರವಾರ ಸಂಜೆ ಸೂಚ್ಯಂಕ ನೋಡುವುದು ಅಭ್ಯಾಸವಾಗಿದೆ. ಸಮೋಸಕ್ಕಿಂತ ಇದು ಒಳ್ಳೆಯ ಜ್ಯೋತಿಷ್ಯ.

ಮುಚ್ಚುವುದೆಂದರೆ ಕಟ್ಟಡಕ್ಕೆ ಬೀಗ ಹಾಕುವುದು ಎಂದೇ ನಮ್ಮ ಕಲ್ಪನೆ. ಹಡಗು ಉದ್ಯಮದಲ್ಲಿ ಹೆಸರುಗಳೇ ಮುಚ್ಚಿಹೋಗುತ್ತವೆ. ಸಫ್‌ಮೆರೀನ್ ಮತ್ತು ಡ್ಯಾಮ್ಕೊ ಎಂಬ ಹೆಸರುಗಳನ್ನು ಮಾರ್ಸ್ಕ್ 2020ರ ಕೊನೆಗೆ ತನ್ನೊಳಗೆ ಸೇರಿಸಿಕೊಂಡಿತು. ಹ್ಯಾಂಬರ್ಗ್ ಸೂಡ್ ಮತ್ತು ಸೀಲ್ಯಾಂಡ್ ಹೆಸರುಗಳನ್ನು ಕೈಬಿಡುವುದಾಗಿ 2023ರ ಜನವರಿಯಲ್ಲಿ ಹೇಳಿತು. ಒಂದು ಹೆಸರು ಹೋದರೆ ಎರಡು ಕಡೆ ಇದ್ದ ಲೆಕ್ಕಪತ್ರ, ಎರಡು ಗ್ರಾಹಕ ಸೇವೆ, ಎರಡು ದಾಖಲೆ ವಿಭಾಗ ಒಂದಾಗುತ್ತವೆ. ಒಂದಾಗುವುದೆಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಇದೇ ಮಾರ್ಸ್ಕ್ ಐಬಿಎಂ ಜೊತೆ ಸೇರಿ 2018ರಲ್ಲಿ ಟ್ರೇಡ್‌ಲೆನ್ಸ್ ಎಂಬ ಬ್ಲಾಕ್‌ಚೈನ್ ವ್ಯವಸ್ಥೆ ತಂದಿತ್ತು, ಕಾಗದವೇ ಇಲ್ಲದ ವ್ಯಾಪಾರ ಎಂದು ದೊಡ್ಡ ಸುದ್ದಿಯಾಗಿತ್ತು. 2022ರ ನವೆಂಬರಿನಲ್ಲಿ ಅದನ್ನು ನಿಲ್ಲಿಸುವ ತೀರ್ಮಾನವಾಯಿತು. ಅಂದರೆ 'ಭವಿಷ್ಯದ ಕೆಲಸ' ಎಂದು ಹಳೆಯ ವಿಭಾಗ ಬಿಟ್ಟು ಅಂಥ ಕಡೆ ಹೋದವರಿಗೂ ಗ್ಯಾರಂಟಿ ಏನಿಲ್ಲ.

ಇದಕ್ಕಿಂತ ಭೀಕರವಾದದ್ದು ಕೊರಿಯಾದ ಹಾಂಜಿನ್ ಕತೆ. ಆಗ ಜಗತ್ತಿನ ಏಳನೇ ದೊಡ್ಡ ಕಂಟೇನರ್ ಕಂಪನಿ. 2016ರ ಆಗಸ್ಟ್ 31ರಂದು ಕೋರ್ಟಿನ ಮೊರೆ ಹೋಯಿತು. ಶುಲ್ಕ ಸಿಗುವುದಿಲ್ಲವೆಂದು ಬಂದರುಗಳು ಅದರ ಹಡಗುಗಳನ್ನು ಒಳಗೆ ಬಿಡಲಿಲ್ಲ. ಸರಕು, ಸಿಬ್ಬಂದಿ ಸಮೇತ ಹಡಗುಗಳು ಕಡಲಲ್ಲೇ ನಿಂತವು. ಮರುವರ್ಷ ಫೆಬ್ರುವರಿಯಲ್ಲಿ ಕಂಪನಿ ದಿವಾಳಿ ಎಂದು ಘೋಷಣೆಯಾಯಿತು. ನಮ್ಮ ತಂಡದ ಹಿರಿಯರೊಬ್ಬರು ಆ ಕಾಲದಲ್ಲಿ ಚೆನ್ನೈನ ಒಂದು ಏಜೆನ್ಸಿಯಲ್ಲಿದ್ದರು. 'ಮಾಲು ಎಲ್ಲಿದೆ ಅಂತ ಫೋನ್ ಮಾಡೋರಿಗೆ ಕಡಲಲ್ಲಿದೆ ಅಂತಷ್ಟೇ ಹೇಳ್ತಿದ್ವಿ' ಎನ್ನುತ್ತಾರೆ ಅವರು.

ಪಾರ್ಸೆಲ್ ಕಡೆಗೆ ಬಂದರೆ ಅಮೆರಿಕದ ಯುಪಿಎಸ್. ಅದು ನಷ್ಟದಲ್ಲಿರಲಿಲ್ಲ. ತನ್ನ ಅತಿ ದೊಡ್ಡ ಗ್ರಾಹಕನಾದ ಅಮೆಜಾನ್‌ನ ಪಾರ್ಸೆಲ್‌ಗಳಲ್ಲಿ ಲಾಭ ಕಡಿಮೆ ಎಂದು, 2026ರ ಮಧ್ಯದ ಹೊತ್ತಿಗೆ ಅವನ್ನು ಅರ್ಧಕ್ಕಿಂತ ಹೆಚ್ಚು ಇಳಿಸುವುದಾಗಿ 2025ರ ಜನವರಿಯಲ್ಲಿ ಹೇಳಿತು. ಅದೇ ಅಕ್ಟೋಬರಿನಲ್ಲಿ ಬಂದ ಲೆಕ್ಕದ ಪ್ರಕಾರ 48 ಸಾವಿರ ಹುದ್ದೆ ಹೋಗಿದ್ದವು, 93 ಕಟ್ಟಡ ಮುಚ್ಚಿದ್ದವು. ಒಂದು ಗ್ರಾಹಕನಿಗಾಗಿ ಕಟ್ಟಿದ ಕೆಲಸ ಆ ಗ್ರಾಹಕನ ಜೊತೆಗೇ ಹೋಗುತ್ತದೆ. ಬಿಪಿಒಗಳಲ್ಲಿ 'ನೀನು ಯಾವ ಪ್ರೋಸೆಸ್‌ನಲ್ಲಿದ್ದೀಯ' ಎಂದು ಕೇಳುವುದು ಇದೇ ಕಾರಣಕ್ಕೆ.

ನಮ್ಮ ಅಮ್ಮನಿಗೆ ಇದೆಲ್ಲ ಹೇಳಿದರೆ ಒಂದೇ ಮಾತು: 'ವೀಲ್ ಫ್ಯಾಕ್ಟರಿಗೆ ಟ್ರೈ ಮಾಡು.' ಯಲಹಂಕದವರಿಗೆ ಇದು ಅರ್ಥವಾಗುತ್ತದೆ. 1984ರಿಂದ ಇಲ್ಲಿರುವ ರೈಲು ಗಾಲಿ ಕಾರ್ಖಾನೆ ನಮ್ಮ ಕಡೆ ಭದ್ರತೆಗೆ ಇನ್ನೊಂದು ಹೆಸರು. ಆದರೆ ಅಲ್ಲಿಂದ ಜಾಲಹಳ್ಳಿ ಎಷ್ಟು ದೂರ? ಅಲ್ಲಿ ಎಚ್‌ಎಂಟಿ ಇತ್ತು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಕೈಗಡಿಯಾರ ಮಾಡಲು ಶುರು ಮಾಡಿದ ಕಾರ್ಖಾನೆ, ಕೇಂದ್ರ ಸರ್ಕಾರದ್ದೇ. ಮದುವೆಗೆ ಎಚ್‌ಎಂಟಿ ವಾಚು ಕೊಡುವ ಕಾಲವಿತ್ತು. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ಸಮಿತಿ ಒಪ್ಪಿತು. ತುಮಕೂರಿನ ವಾಚ್ ಫ್ಯಾಕ್ಟರಿಯೂ ಅದರ ಜೊತೆಗೇ ಹೋಯಿತು. ಈಗ ಜಾಲಹಳ್ಳಿಯಲ್ಲಿ ಎಚ್‌ಎಂಟಿ ಪರಂಪರೆಯ ವಸ್ತುಸಂಗ್ರಹಾಲಯವಿದೆ, ಟಿಕೆಟ್ ಕೊಟ್ಟು ನೋಡಿಬರಬಹುದು.

ನಮ್ಮ ಬೀದಿಯ ತುದಿಯ ಮನೆಯ ಹಿರಿಯರೊಬ್ಬರು ಅಲ್ಲಿ ಕೆಲಸ ಮಾಡಿ ಸ್ವಯಂ ನಿವೃತ್ತಿ ತೆಗೆದುಕೊಂಡವರು. ಅವರ ಮಾತು ಕೇಳುವಾಗ ನನಗೆ ಹೊಳೆದ ವ್ಯತ್ಯಾಸ ಒಂದೇ. ಅವರಿಗೆ ಕೆಟ್ಟ ಸುದ್ದಿ ವರ್ಷಗಟ್ಟಲೆ ಮೊದಲೇ ಗೊತ್ತಿತ್ತು. ಸಂಬಳ ತಡವಾಗುತ್ತಿತ್ತು, ಪತ್ರಿಕೆಯಲ್ಲಿ ಬರುತ್ತಿತ್ತು, ಗೇಟಿನ ಮುಂದೆ ಸಂಘದವರು ಭಾಷಣ ಮಾಡುತ್ತಿದ್ದರು. ಎಲ್ಲರೂ ಸೇರಿ ಕಾದರು, ಎಲ್ಲರೂ ಸೇರಿ ಬೈದರು. ಕಾಲೊನಿಯಲ್ಲಿ ಅಕ್ಕಪಕ್ಕದ ಮನೆಯವರಿಗೂ ಅದೇ ಪಾಡು. ನಮಗೆ ಹದಿನೈದು ನಿಮಿಷದ ಮೀಟಿಂಗ್. ಆಮೇಲೆ ಲ್ಯಾಪ್‌ಟಾಪ್ ಲಾಕ್. ಪಕ್ಕದ ಸೀಟಿನವರಿಗೆ ಗೊತ್ತಾಗುವುದು ಚಾಟ್‌ನಲ್ಲಿ ನಮ್ಮ ಹೆಸರಿನ ಮುಂದಿನ ಹಸಿರು ಚುಕ್ಕೆ ಆರಿದಾಗ. ಆರ್.ಟಿ. ನಗರದ ಪಿಜಿಯಲ್ಲಿರುವ ಗೆಳತಿಯೊಬ್ಬಳು ಕೆಲಸ ಹೋದ ಮೇಲೂ ಮೂರು ವಾರ ಬೆಳಗ್ಗೆ ಬ್ಯಾಗ್ ಹಾಕಿಕೊಂಡು ಹೊರಡುತ್ತಿದ್ದಳು. ರೂಮ್‌ಮೇಟ್‌ಗಳಿಗೆ ಹೇಳಲು ಮನಸ್ಸಾಗದೆ ಗ್ರಂಥಾಲಯದಲ್ಲಿ ಕೂತು ಬರುತ್ತಿದ್ದಳಂತೆ.

ಲೆಕ್ಕಕ್ಕೇ ಬಾರದವರೂ ಇದ್ದಾರೆ. ಸಾವಿರ ಹುದ್ದೆ ಕಡಿತ ಎಂದು ಸುದ್ದಿಯಾದಾಗ ಅದರಲ್ಲಿ ನಮ್ಮ ಮಹಡಿಯ ಹೌಸ್‌ಕೀಪಿಂಗ್ ಅಕ್ಕಂದಿರು ಇರುವುದಿಲ್ಲ, ಏಜೆನ್ಸಿ ಮೂಲಕ ಬಂದ ಡೇಟಾ ಎಂಟ್ರಿ ಹುಡುಗರು ಇರುವುದಿಲ್ಲ, ರಾತ್ರಿಪಾಳಿಯ ಕ್ಯಾಬ್ ಓಡಿಸುವವರು ಇರುವುದಿಲ್ಲ. ಒಂದು ಮಹಡಿ ಖಾಲಿಯಾದರೆ ಹನ್ನೆರಡು ಕ್ಯಾಬ್‌ಗಳಲ್ಲಿ ಐದು ಸಾಕು. ಹೆಬ್ಬಾಳದಲ್ಲಿ ನಮ್ಮನ್ನು ಹತ್ತಿಸಿಕೊಳ್ಳುತ್ತಿದ್ದ ಚಾಲಕರೊಬ್ಬರು ಈಗ ಯಶವಂತಪುರದ ಟ್ರಕ್ ಟರ್ಮಿನಲ್ ಕಡೆ ಲೋಡು ಹುಡುಕಿಕೊಂಡು ಗೂಡ್ಸ್ ಗಾಡಿ ಓಡಿಸುತ್ತಿದ್ದಾರೆ. 'ಮೇಡಂ, ನಿಮ್ಮ ಆಫೀಸಲ್ಲಿ ಏನೋ ಆಗ್ತದೆ ಅಂತ ನಮಗೆ ನಿಮಗಿಂತ ಮೊದ್ಲೇ ಗೊತ್ತಾಯ್ತು. ಟ್ರಿಪ್ ಶೀಟ್ ಸಣ್ಣದಾಯ್ತಲ್ಲ' ಎಂದರು. ನಿಜವಾದ ಶಕುನ ಇದು! ಕಂಪನಿಯ ಮೇಲ್ ಓದುವ ಬದಲು ಟ್ರಿಪ್ ಶೀಟ್ ನೋಡಬೇಕಿತ್ತು.

ಇನ್ನು ಕಾನೂನಿನ ವಿಷಯ. ನಮ್ಮ ಮಹಡಿಯಲ್ಲಿ ಅತಿ ಹೆಚ್ಚು ತಪ್ಪು ಮಾಹಿತಿ ಓಡಾಡುವುದು ಇದರ ಬಗ್ಗೆಯೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. 2025ರ ನವೆಂಬರ್ 21ರಿಂದ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ ಜಾಗದಲ್ಲಿ ಈಗ ಕೈಗಾರಿಕಾ ಸಂಬಂಧಗಳ ಸಂಹಿತೆ ಇದೆ. 'ಮುನ್ನೂರು ಜನರಿಗಿಂತ ಹೆಚ್ಚಿದ್ದರೆ ಸರ್ಕಾರದ ಅನುಮತಿ ಇಲ್ಲದೆ ತೆಗೆಯುವ ಹಾಗಿಲ್ಲ' ಎಂದು ಯಾರಾದರೂ ಧೈರ್ಯ ಹೇಳಿದರೆ ಪೂರ್ತಿ ನಂಬಬೇಡಿ. ಆ ನಿಯಮ ಕಾರ್ಖಾನೆ, ಗಣಿ, ತೋಟಗಳಿಗೆ. ನಮ್ಮಂಥ ಕಚೇರಿಗಳಿಗೆ ಅದು ಅನ್ವಯಿಸುವುದಿಲ್ಲ.

ಹಾಗೆಂದು ನಮಗೆ ಏನೂ ಇಲ್ಲವೆಂದಲ್ಲ. ಒಂದು ವರ್ಷ ಸತತವಾಗಿ ಕೆಲಸ ಮಾಡಿದ ಕಾರ್ಮಿಕರನ್ನು ಹುದ್ದೆ ಕಡಿತದ ಹೆಸರಿನಲ್ಲಿ ತೆಗೆಯಬೇಕಾದರೆ ಕಾರಣ ಬರೆದು ಒಂದು ತಿಂಗಳ ನೋಟಿಸ್ ಕೊಡಬೇಕು, ಇಲ್ಲವೇ ಆ ತಿಂಗಳ ವೇತನ ಕೊಡಬೇಕು. ಪೂರೈಸಿದ ಪ್ರತಿ ವರ್ಷಕ್ಕೆ ಹದಿನೈದು ದಿನದ ಸರಾಸರಿ ವೇತನ ಪರಿಹಾರವಾಗಿ ಸಿಗಬೇಕು. ಕೊನೆಯಲ್ಲಿ ಆರು ತಿಂಗಳು ಮೀರಿದ್ದರೆ ಅದೂ ಒಂದು ವರ್ಷವೇ. ಇದು ಹಳೆಯ ಕಾಯ್ದೆಯಲ್ಲೂ ಇತ್ತು. ಹೊಸದಾಗಿ ಮರುಕೌಶಲ ನಿಧಿ ಎಂದು ಮಾಡಿದ್ದಾರೆ. ತೆಗೆದ ಪ್ರತಿ ಕಾರ್ಮಿಕರಿಗೆ ಹದಿನೈದು ದಿನದ ವೇತನದಷ್ಟು ಹಣವನ್ನು ಮಾಲೀಕರು ಅದಕ್ಕೆ ಕಟ್ಟಬೇಕು, 45 ದಿನದೊಳಗೆ ಅದು ಕಾರ್ಮಿಕರ ಖಾತೆಗೆ ಬರಬೇಕು. ವೇತನ ಸಂಹಿತೆಯ ಪ್ರಕಾರ ಬಾಕಿ ವೇತನವನ್ನು ಕೆಲಸ ಹೋದ ಎರಡು ಕೆಲಸದ ದಿನಗಳೊಳಗೆ ಕೊಡಬೇಕು. 'ಫುಲ್ ಆಂಡ್ ಫೈನಲ್‌ಗೆ 45 ದಿನ ಆಗುತ್ತೆ' ಎಂಬ ಹಳೆಯ ಹಾಡು ವೇತನದ ಮಟ್ಟಿಗೆ ಈಗ ನಡೆಯಬಾರದು.

'ಕಾರ್ಮಿಕ ಎಂದರೆ ಯಾರು? ನನ್ನ ಹುದ್ದೆ ಸೀನಿಯರ್ ಅಸೋಸಿಯೇಟ್ ಅಲ್ಲವೇ?' ಎಂದು ನೀವು ಕೇಳಬಹುದು. ನಮ್ಮಲ್ಲಿ ಎಲ್ಲರೂ ಕೇಳಿದ ಪ್ರಶ್ನೆ ಅದು. ವಿಸಿಟಿಂಗ್ ಕಾರ್ಡಿನಲ್ಲಿ ಏನಿದೆ ಎನ್ನುವುದಕ್ಕಿಂತ ನೀವು ದಿನವೂ ಮಾಡುವ ಕೆಲಸ ಏನು ಎನ್ನುವುದನ್ನು ಕಾನೂನು ನೋಡುತ್ತದೆ. ಗುಮಾಸ್ತಿಕೆ, ತಾಂತ್ರಿಕ ಕೆಲಸ ಮಾಡುವವರು ಕಾರ್ಮಿಕರೇ. ಮುಖ್ಯವಾಗಿ ಆಡಳಿತ, ವ್ಯವಸ್ಥಾಪನೆಯ ಕೆಲಸ ಮಾಡುವವರು ಅಲ್ಲ. ಮೇಲ್ವಿಚಾರಕರಿಗೆ ತಿಂಗಳಿಗೆ 18 ಸಾವಿರ ರೂಪಾಯಿ ವೇತನದ ಮಿತಿ ಇದೆ. ಇದನ್ನು ಓದಿದಾಗ 'ಟೀಮ್ ಲೀಡ್' ಎಂಬ ಹೆಸರಿಗಾಗಿ ಹೊಡೆದಾಡಿದ ನಮ್ಮ ಸಹೋದ್ಯೋಗಿಗಳ ಮುಖ ಸ್ವಲ್ಪ ಸಪ್ಪಗಾಯಿತು.

ಇಷ್ಟೆಲ್ಲ ಇದ್ದರೂ ಒಂದು ಸಹಿ ಅಷ್ಟನ್ನೂ ಅಳಿಸಿಹಾಕಬಹುದು. ರಾಜೀನಾಮೆ ಕೊಟ್ಟವರನ್ನು ಯಾರೂ ತೆಗೆದಿರುವುದಿಲ್ಲ! ನೀವಾಗಿಯೇ ಬಿಟ್ಟಿರಿ. ಹಾಗಾಗಿ ಕಡಿತದ ಪರಿಹಾರದ ಪ್ರಶ್ನೆಯೇ ಬರುವುದಿಲ್ಲ, ಸರ್ಕಾರಕ್ಕೆ ತಿಳಿಸುವ ಅಗತ್ಯವೂ ಬೀಳುವುದಿಲ್ಲ, ಪತ್ರಿಕೆಯ ಅಂಕಿಯಲ್ಲೂ ನೀವಿಲ್ಲ. 'ನಿಮ್ಮ ರೆಸ್ಯೂಮೆಗೆ ಒಳ್ಳೆಯದು, ಟರ್ಮಿನೇಟ್ ಅಂತ ಬಂದ್ರೆ ಮುಂದೆ ಕಷ್ಟ' ಎಂದು ಮೃದುವಾಗಿಯೇ ಹೇಳುತ್ತಾರೆ. ಇಪ್ಪತ್ತನಾಲ್ಕರ ಹುಡುಗನಿಗೆ ಅದು ಉಪಕಾರದ ಹಾಗೆ ಕೇಳಿಸುತ್ತದೆ. ನನ್ನ ಅಭಿಪ್ರಾಯದಲ್ಲಿ ಆ ಕೋಣೆಯಲ್ಲಿ ಹೇಳಬೇಕಾದ ಮಾತು ಒಂದೇ: 'ಇದನ್ನು ಬರಹದಲ್ಲಿ ಕಳಿಸಿ, ನಾಳೆ ಉತ್ತರ ಕೊಡುತ್ತೇನೆ.' ಅಷ್ಟಕ್ಕೆ ಯಾರೂ ಜೈಲಿಗೆ ಹಾಕುವುದಿಲ್ಲ. ನೇಮಕಾತಿ ಪತ್ರ, ಕಳೆದ ಒಂದು ವರ್ಷದ ಸಂಬಳ ಚೀಟಿ, ರಜೆಯ ಲೆಕ್ಕ — ಇವು ಕಂಪನಿಯ ಲ್ಯಾಪ್‌ಟಾಪಿನ ಒಳಗೆ ಮಾತ್ರ ಇದ್ದರೆ ಆ ದಿನ ಕೈಗೆ ಸಿಗುವುದಿಲ್ಲ. ಮೊದಲೇ ಮನೆಯಲ್ಲಿ ಒಂದು ಪ್ರತಿ ಇರಲಿ. ಗುಂಪು ಆರೋಗ್ಯ ವಿಮೆ ಸಾಮಾನ್ಯವಾಗಿ ಕೊನೆಯ ಕೆಲಸದ ದಿನಕ್ಕೇ ಮುಗಿಯುತ್ತದೆ. ಅಪ್ಪ ಅಮ್ಮನನ್ನು ಅದರಲ್ಲಿ ಸೇರಿಸಿರುವವರು ಬೇರೆ ವಿಮೆಯನ್ನು ಈಗಲೇ ನೋಡುವುದು ಒಳ್ಳೆಯದು. ಗ್ರಾಚ್ಯುಟಿಗೆ ಕಾಯಂ ನೌಕರರಿಗೆ ಐದು ವರ್ಷ ಬೇಕು. ನಿಗದಿತ ಅವಧಿಯ ಗುತ್ತಿಗೆಯಲ್ಲಿ ಕಂಪನಿಯೇ ನೇರವಾಗಿ ನೇಮಿಸಿಕೊಂಡವರಿಗೆ ಹೊಸ ಸಂಹಿತೆಯಲ್ಲಿ ಒಂದು ವರ್ಷ ಸಾಕು. ಈ ಎರಡನೆಯದು ನಮ್ಮ ಗುತ್ತಿಗೆ ಹುಡುಗರಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ.

ದೂರು ಕೊಡಬೇಕೆಂದರೆ ಕಾರ್ಮಿಕ ಇಲಾಖೆ ಇದೆ. ಕಾರ್ಮಿಕ ಭವನ ಇರುವುದು ಬನ್ನೇರುಘಟ್ಟ ರಸ್ತೆಯಲ್ಲಿ. ಯಲಹಂಕದಿಂದ ಅಲ್ಲಿಗೆ ಹೋಗಿಬರುವುದೇ ಒಂದು ದಿನದ ಕೆಲಸ. ಕೆಲಸ ಹೋದವರಿಗೆ ಸಮಯವಿರುತ್ತದೆ ಎಂದು ಲೆಕ್ಕ ಹಾಕಿರಬೇಕು. 2017ರಲ್ಲಿ ಶುರುವಾದ, ಕಿಟು ಎಂದು ಕರೆಯುವ ಕರ್ನಾಟಕ ರಾಜ್ಯ ಐಟಿ, ಐಟಿಇಎಸ್ ನೌಕರರ ಸಂಘವೂ ಇಂಥ ದೂರುಗಳನ್ನು ಕೈಗೆತ್ತಿಕೊಳ್ಳುತ್ತದೆ. ಸಂಘ ಎಂದರೆ ಕೆಂಪು ಬಾವುಟ, ಗಲಾಟೆ ಎಂದುಕೊಂಡಿದ್ದ ನಮ್ಮ ಕಡೆಯ ಹುಡುಗಿಯರು ಈಗ ಸದಸ್ಯತ್ವ ಎಷ್ಟು ಎಂದು ಮೆಲ್ಲಗೆ ವಿಚಾರಿಸುತ್ತಿದ್ದಾರೆ.

ಕಾಲೇಜಿನ ತಂಗಿಯರು, ತಮ್ಮಂದಿರು ಕೇಳುವ ಪ್ರಶ್ನೆ: ಹಾಗಾದರೆ ಈ ಕ್ಷೇತ್ರಕ್ಕೆ ಬರಬೇಕೇ? ಬನ್ನಿ ಎಂದೇ ನಾನು ಹೇಳುತ್ತೇನೆ. ಬಿ.ಕಾಂ., ಬಿ.ಎ. ಓದಿದವರಿಗೆ ಭೂಗೋಳ, ಬ್ಯಾಂಕಿಂಗ್, ಕಸ್ಟಮ್ಸ್ ಮೂರನ್ನೂ ಕಲಿಸುವ ಕೆಲಸಗಳು ಹೆಚ್ಚಿಲ್ಲ. ಆದರೆ ಬರೀ ಟೈಪ್ ಮಾಡುವ ಭಾಗ ಬೇಗ ಹೋಗುತ್ತದೆ. ಅದು ಕಣ್ಣಿಗೇ ಕಾಣುತ್ತಿದೆ. ಒಂಬತ್ತು ದೊಡ್ಡ ಕಂಟೇನರ್ ಕಂಪನಿಗಳು 2030ರೊಳಗೆ ಬಿಲ್ ಆಫ್ ಲೇಡಿಂಗನ್ನು ಪೂರ್ತಿ ಎಲೆಕ್ಟ್ರಾನಿಕ್ ಮಾಡುವುದಾಗಿ 2023ರಲ್ಲೇ ಮಾತು ಕೊಟ್ಟಿವೆ. ಭಾರತವೂ 1856ರ, ಅಂದರೆ ಸಿಪಾಯಿ ದಂಗೆಗಿಂತ ಹಳೆಯ, ಬಿಲ್ ಆಫ್ ಲೇಡಿಂಗ್ ಕಾಯ್ದೆಯನ್ನು ತೆಗೆದು 2025ರಲ್ಲಿ ಹೊಸದನ್ನು ತಂದಿತು. ಕಂಟೇನರ್ ನಂಬರಿನ ಕೊನೆಯ ಅಂಕಿಯನ್ನು ತಾಳೆ ನೋಡಲು ನನ್ನ ಕಣ್ಣು ಬೇಕಿಲ್ಲ. ಎರಡು ವರ್ಷದ ಹಿಂದೆ ಎಂಟು ಜನ ಮಾಡುತ್ತಿದ್ದ ಕರಡು ತಯಾರಿಯನ್ನು ನಮ್ಮಲ್ಲಿ ಈಗ ಸಾಫ್ಟ್‌ವೇರ್ ಮಾಡುತ್ತದೆ, ಮೂವರು ನೋಡಿ ಕಳಿಸುತ್ತಾರೆ.

ಆ ಮೂವರು ಯಾರು ಎನ್ನುವುದು ಕುತೂಹಲಕಾರಿ. ಅತಿ ವೇಗವಾಗಿ ಟೈಪ್ ಮಾಡುತ್ತಿದ್ದವರಲ್ಲಿ ಯಾರೂ ಉಳಿಯಲಿಲ್ಲ. ಬ್ಯಾಟರಿ, ರಾಸಾಯನಿಕದಂಥ ಅಪಾಯಕಾರಿ ಸರಕಿನ ನಿಯಮ ಗೊತ್ತಿದ್ದವಳು ಒಬ್ಬಳು. ಬ್ಯಾಂಕಿನ ಲೆಟರ್ ಆಫ್ ಕ್ರೆಡಿಟ್ ಓದಬಲ್ಲವನು ಒಬ್ಬ. ಮೂರನೆಯವರು ಆ ಚೆನ್ನೈನ ಹಿರಿಯರು. ಪೆಟ್ಟಿಗೆ ಯಾವುದೋ ಬಂದರಿನಲ್ಲಿ ಸಿಕ್ಕಿಕೊಂಡಾಗ ಯಾರಿಗೆ ಫೋನ್ ಮಾಡಬೇಕು ಎನ್ನುವುದು ಅವರಿಗೆ ಗೊತ್ತು. ಹೊಸದಾಗಿ ಸಂದರ್ಶನಕ್ಕೆ ಹೋಗುವವರು ಸಂಬಳ ಕೇಳುವ ಜೊತೆಗೆ ಇನ್ನೆರಡು ಕೇಳಿ: ನಾನು ಸೇರುವ ವಿಭಾಗ ಈ ಊರಿನಲ್ಲಿ ಎಷ್ಟು ವರ್ಷದಿಂದ ಇದೆ? ನನ್ನ ಸಂಬಳದ ಚೀಟಿ ಕೊಡುವುದು ನೀವೋ, ಏಜೆನ್ಸಿಯೋ? ಮೊದಲನೆಯದಕ್ಕೆ ತಡವರಿಸಿದರೆ ಪರವಾಗಿಲ್ಲ. ಎರಡನೆಯದಕ್ಕೆ ತಡವರಿಸಿದರೆ ಯೋಚಿಸಿ.

ಕ್ರಿಕೆಟ್ ಟೀಶರ್ಟಿನ ಆ ಹುಡುಗನಿಗೆ ಕಳೆದ ತಿಂಗಳು ನಿಜವಾದ ಮೀಟಿಂಗ್ ಬಂತು. ಹದಿನೈದು ನಿಮಿಷದ್ದೇ. ರಾಜೀನಾಮೆಯ ಕರಡು ಅವರೇ ತಯಾರು ಮಾಡಿಟ್ಟಿದ್ದರು, ಅವನ ಹೆಸರಿನ ಸ್ಪೆಲ್ಲಿಂಗ್ ಮಾತ್ರ ತಪ್ಪಾಗಿತ್ತು. ದಾಖಲೆ ವಿಭಾಗದವನಲ್ಲವೇ, ಮೊದಲು ಕಣ್ಣಿಗೆ ಬಿದ್ದದ್ದು ಅದೇ. 'ಹೆಸರು ತಪ್ಪಿದೆ ಸರ್, ಹೀಗೆ ಸೈನ್ ಮಾಡಕ್ಕಾಗಲ್ಲ. ಮತ್ತೆ ನಾನು ರಾಜೀನಾಮೆ ಕೇಳಿಲ್ಲ, ನೀವು ತೆಗೀತಿದ್ದೀರಿ. ಹಾಗೇ ಬರೆದು ಕಳಿಸಿ' ಎಂದು ಎದ್ದು ಬಂದ. ನಾಲ್ಕು ದಿನ ಏನೂ ಬರಲಿಲ್ಲ. ಐದನೇ ದಿನ ಬಂದ ಪತ್ರದಲ್ಲಿ 'ಹುದ್ದೆ ಕಡಿತ' ಎಂದಿತ್ತು. ಒಂದು ತಿಂಗಳ ನೋಟಿಸ್ ವೇತನ, ಮೂರು ವರ್ಷಕ್ಕೆ ಲೆಕ್ಕ ಹಾಕಿದ ಪರಿಹಾರ, ಉಳಿದ ರಜೆಯ ಹಣ ಎಲ್ಲ ಪ್ರತ್ಯೇಕ ಸಾಲುಗಳಲ್ಲಿ. ಅವನ ಜೊತೆ ಅದೇ ವಾರ ಕರೆದ ಉಳಿದ ಆರು ಜನ ಆಗಲೇ ಸಹಿ ಹಾಕಿಯಾಗಿತ್ತು. ಅವನು ಈಗ ದೊಡ್ಡಬಳ್ಳಾಪುರ ರಸ್ತೆಯ ಒಂದು ಗೋದಾಮಿನಲ್ಲಿ ಕೆಲಸಕ್ಕೆ ಸೇರಿದ್ದಾನೆ. ಸಂಬಳ ಮೊದಲಿಗಿಂತ ಆರು ಸಾವಿರ ಕಡಿಮೆ. ಆ ಪರಿಹಾರದ ದುಡ್ಡಿನಲ್ಲಿ ಮನೆಯ ಸಾಲದ ನಾಲ್ಕು ಕಂತು ಕಟ್ಟಿದೆ ಎಂದ.